ಶೇಟಜಿಯ ಸೈಕಲ್ಲು, ನನ್ನ ಗಂಡನ ಕಾಲು

ನನ್ನ ಗಂಡ ಸೈಕಲ್ ತುಳಿದು ಸಂಸಾರ ಮಾಡಿದವನು. ಹಾಲು ಹಾಕಲಿಕ್ಕೆ ಅಲ್ಲ, ಟಪಾಲು ಹಂಚಲಿಕ್ಕೂ ಅಲ್ಲ. ಬರೀ ರೇಸಿನಲ್ಲಿ ಓಡಿಸಲಿಕ್ಕೆ. ಬೇರೆಯವರಿಗಿಂತ ಮುಂದೆ ಹೋಗುವತನಕ ಪಗಾರ, ಹಿಂದೆ ಬಿದ್ದ ದಿನ ಮನೆಗೆ. ಇಂಥದ್ದೊಂದು ಕೆಲಸ ಇತ್ತು ಎಂದರೆ ಮೊಮ್ಮಕ್ಕಳು ನಂಬುವುದಿಲ್ಲ. ಮೊದಲಿಗೆ ನಾನೂ ನಂಬಿರಲಿಲ್ಲ.

ನನ್ನ ತವರು ಹನ್ನೂರ. ಎರಡನೇ ಇಯತ್ತೆಗೆ ಸಾಲೆ ಬಿಡಿಸಿದರು, ಮುಂದೆ ವಳಸಂಗಕ್ಕೆ ಕೊಟ್ಟರು. ಕೊಟ್ಟ ಮನೆಯಲ್ಲಿ ಹೊಲ ಇತ್ತು, ಬಾವಿ ಇತ್ತು, ನಾಲ್ಕೆತ್ತಿನ ಕಮತ. ಇಬ್ಬರು ಗಂಡುಮಕ್ಕಳಲ್ಲಿ ನನ್ನವನು ಸಣ್ಣವ. ಮನೆಯ ಕಟ್ಟೆ ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಹೋಗುವ ರಸ್ತೆಗೆ ಹತ್ತಿಯೇ ಇತ್ತು. ಬಂಡಿ, ಟಾಂಗಾ, ಗುರುವಾರ ಅಲ್ಲಿಯ ಸ್ವಾಮಿಗಳ ದರ್ಶನಕ್ಕೆ ನಡೆದುಕೊಂಡು ಹೋಗುವ ಜನ, ಎಲ್ಲವೂ ನಮ್ಮ ಬಾಗಿಲ ಮುಂದೆಯೇ ಹಾಯಬೇಕು. ನನ್ನ ಗಂಡನ ಬದುಕು ಕೆಟ್ಟದ್ದೂ ಅದೇ ರಸ್ತೆಯ ಮೇಲೆ. ಚಂದ ಆದದ್ದೂ ಅಲ್ಲಿಯೇ, ಅದನ್ನು ಇಲ್ಲ ಎನ್ನುವುದಿಲ್ಲ.

ಮದುವೆಯಾದ ಮರುವರ್ಷ ಶೇಂಗಾ ಹೇರಿಕೊಂಡು ಸೊಲ್ಲಾಪುರದ ಪೇಟೆಗೆ ಹೋದವನು ಬಂಡಿಯನ್ನು ಆಳಿನ ಕೈಗೆ ಕೊಟ್ಟು, ತಾನು ಸೈಕಲ್ ಮೇಲೆ ಬಂದ. ಪೇಟೆಯಲ್ಲಿ ವಿಲಾಯತಿ ಸೈಕಲ್ ಮಾರುವ ಶೇಟಜಿಯೊಬ್ಬರಿದ್ದರು, ನಮ್ಮ ಲಿಂಗಾಯತರೇ. ಅವರ ದುಕಾನದ ಮುಂದೆ ಯಾರದೋ ಸೈಕಲ್ ಹತ್ತಿ ಒಂದು ಟಾಂಗಾದ ಬೆನ್ನು ಹತ್ತಿ ಸ್ಟೇಶನ್ನಿನವರೆಗೆ ಹೋಗಿ, ಅದನ್ನು ಹಿಂದೆ ಹಾಕಿ ಬಂದನಂತೆ. ಶೇಟಜಿ ಅವನ ಕಾಲಿನ ಮೀನಖಂಡ ಹಿಚುಕಿ ನೋಡಿದರಂತೆ. ಎತ್ತು ಕೊಳ್ಳುವಾಗ ನೋಡುವ ಹಾಗೆ. ಅವತ್ತೇ ಪಗಾರ ಗೊತ್ತುಮಾಡಿ ಸೈಕಲ್ ಕೊಟ್ಟು ಕಳಿಸಿದರು.

ಅದರ ಲೆಕ್ಕ ಸರಳ. ರೇಸಿನಲ್ಲಿ ಯಾವ ದುಕಾನದ ಸೈಕಲ್ ಮೊದಲು ಬರುತ್ತದೋ ಆ ವರ್ಷ ಆ ದುಕಾನದ ಮಾಲು ಹೋಗುತ್ತದೆ. ಹೀಗಾಗಿ ಪ್ರತಿ ದುಕಾನದವರೂ ಒಬ್ಬೊಬ್ಬನನ್ನು ಪಗಾರ ಕೊಟ್ಟು ಇಟ್ಟುಕೊಳ್ಳುತ್ತಿದ್ದರು. ಸೈಕಲ್ ಅವರದು, ಟಯರು ಟ್ಯೂಬು ಅವರದು. ಕಾಲು ಮಾತ್ರ ಇವನದು.

ನನ್ನ ಭಾವ, ಅಂದರೆ ಗಂಡನ ಅಣ್ಣ, ಊರ ಹಿರಿಯರನ್ನು ಕೂಡಿಸಿದ. ಅವರ ಮುಂದೆಯೇ ಕೇಳಿದ.

"ಹೊಲಕ್ಕ ಬರಾಂವ ಹೌದೋ ಅಲ್ಲೋ, ಇವತ್ತ ಹೇಳಿ ಬಿಡು."

"ಬರೂದಿಲ್ಲ."

"ಹಂಗಾರ ಕಾಳು ಕೇಳಬ್ಯಾಡ."

"ಕೇಳೂದಿಲ್ಲ. ನನ್ನ ಪಾಲು ನೀನೇ ಉಣ್ಣು. ನನಗ ಸೈಕಲ್ ಅದ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವನಾದರೂ ಹೊಲ ಬಿಟ್ಟುಕೊಡುತ್ತಾನೆಯೇ, ಅದೂ ಕೇಳಿದ ಕೂಡಲೇ? ಇವನು ಬಿಟ್ಟುಕೊಟ್ಟ. ನಾನು ಒಳಗೆ ಹಿಟ್ಟು ಬೀಸುತ್ತಿದ್ದೆ. ಅಲ್ಲಿಂದ ಮುಂದೆ ನಾವು ಅದೇ ಮನೆಯ ಪಡಸಾಲೆಯ ಒಂದು ಮಗ್ಗುಲಿನಲ್ಲಿ ಬೇರೆ ಒಲೆ ಹೂಡಿಕೊಂಡು ಇದ್ದೆವು. ಶೇಟಜಿಯ ಪಗಾರ ಬಂದರೆ ಒಲೆ ಹೊತ್ತುತ್ತಿತ್ತು.

ಅತ್ತೆ ನಮ್ಮ ಕಡೆ ಉಂಡರು. ಸಣ್ಣ ಮಗನ ಮೇಲೆ ಅವರ ಜೀವ. ಆದರೆ ಅವರೂ ಒಂದು ಮಾತು ತೆಗೆದುಕೊಂಡೇ ಬಿಟ್ಟರು.

"ಊರೂರು ತಿರಗಾಂವ ನೀ. ಯಾರ ಮನ್ಯಾಗ ಏನ್ ತಿಂತಿ, ನಾ ನೋಡಾಕ ಬರೂದಿಲ್ಲ. ಲಿಂಗಪೂಜಿ ಆಗೂತನಕ ಹನಿ ನೀರು ಬಾಯಿಗೆ ಹಾಕೂದಿಲ್ಲ ಅಂತ ಲಿಂಗ ಮುಟ್ಟಿ ಹೇಳು. ಉಳಕಿದ್ದು ಎಲ್ಲಾ ಬಿಟ್ಟೀನಿ."

ಅವನು ಎದೆಯ ಮೇಲಿನ ಕರಡಿಗೆ ಹಿಡಿದು ಹೇಳಿದ. ಬಗ್ಗಿ ತುಳಿಯುವಾಗ ಲಿಂಗದ ಆ ಬೆಳ್ಳಿ ಕರಡಿಗೆ ತೂಗಾಡಿ ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಅದಕ್ಕೆ ನಾನು ಅರಿವೆಯ ಪಟ್ಟಿ ಹೊಲಿದುಕೊಟ್ಟೆ, ಎದೆಗೆ ಬಿಗಿಯಾಗಿ ಕಟ್ಟಿಕೊಂಡು ಹೋಗುತ್ತಿದ್ದ. ರೇಸಿನ ದಿನ ನಸುಕಿನಲ್ಲಿ ಎದ್ದು ಜಳಕ, ಪೂಜೆ, ಆಮೇಲೆ ಹಾಲು, ಆಮೇಲೆ ಸೈಕಲ್. ಒಂದು ಸಲವೂ ತಪ್ಪಿಸಿದವನಲ್ಲ. ಉಳಿದ ವಿಷಯದಲ್ಲಿ ಅಂಥ ದೊಡ್ಡ ಭಕ್ತನೇನೂ ಅಲ್ಲ. ಆ ಒಂದನ್ನು ಹಿಡಿದಿದ್ದ.

ಶೇಟಜಿಯ ದುಕಾನದ ಗೋಡೆಯ ಮೇಲೆ ಒಂದು ಚಿತ್ರ ಇತ್ತು. ಸೈಕಲ್ ಜತೆ ವಿಲಾಯತಿಯಿಂದ ಬಂದದ್ದು. ಒಬ್ಬ ಮನುಷ್ಯ, ಮೈಯೆಲ್ಲ ಕೆಸರು, ಎರಡು ಟ್ಯೂಬನ್ನು ಹೆಗಲ ಮೇಲಿಂದ ಸುತ್ತಿಕೊಂಡಿದ್ದಾನೆ, ಕಣ್ಣು ಒಳಗೆ ಹೋಗಿವೆ. ನಾನು ಒಮ್ಮೆ ಸೊಲ್ಲಾಪುರಕ್ಕೆ ಹೋದಾಗ ಕಂಡೆ. ಮನೆಗೆ ಬೆಂಕಿ ಹತ್ತಿದವನ ಮುಖ ಅದು.

"ಯಾರ್ರಿ ಇಂವಾ?" ಎಂದೆ.

"ಫ್ರಾನ್ಸ್ ದೇಶದಾಂವ ವಹಿನಿ," ಎಂದರು ಶೇಟಜಿ. "ಸೈಕಲ್ ಮ್ಯಾಲೆ ಇಡೀ ದೇಶ ಸುತ್ತ ಹಾಕ್ತಾನ. ಗುಡ್ಡ ಹತ್ತತಾನ, ಬರ್ಫದಾಗ ಹೋಗ್ತಾನ. ಕಂಪನಿಯವರು ಪಗಾರ ಕೊಡ್ತಾರ. ನಿಮ್ಮ ಮನಿಯವರೂ ನಮ್ಮ ಕಡಿ ಹಂಗ ಆಗ್ತಾರ ನೋಡ್ರಿ."

"ವಯಸ್ಸಾದ ಮ್ಯಾಲೆ ಏನ್ ಮಾಡ್ತಾನ?"

ಶೇಟಜಿ ನಕ್ಕರು. "ಅಲ್ಲಿ ಅಂಥವರು ಸೈಕಲ್ ದುಕಾನ ಹಾಕತಾರಂತ. ಇಲ್ಲಾ ಖಾನಾವಳಿ."

ಹೊರಗೆ ಬಂದ ಮೇಲೆ ಗಂಡ ಸಿಟ್ಟಾದ. "ಎಲ್ಲಿ ಏನ್ ಕೇಳಬೇಕು ಅನ್ನೂದು ಗೊತ್ತಿಲ್ಲ ನಿನಗ."

"ಮುಂದ ಉಂಬೂದು ಎಲ್ಲಿಂದ ಅಂತ ಕೇಳಿದೆ. ಅದರಾಗ ಏನ್ ತಪ್ಪಾತು?"

ಅವನು ನನ್ನನ್ನು ಬಿಟ್ಟು ಮುಂದೆ ನಡೆದ. ಆದರೆ ಆ ಫ್ರಾನ್ಸಿನವನನ್ನು ಬೀಗರ ಹಾಗೆ ಹಚ್ಚಿಕೊಂಡ. ಶೇಟಜಿ ಮುಂಬೈಯಿಂದ ಕೇಳಿ ಬಂದದ್ದನ್ನೆಲ್ಲ ಇವನು ಮನೆಗೆ ತಂದು ಹೇಳುತ್ತಿದ್ದ. ಫ್ರಾನ್ಸಿನವ ಬಿದ್ದು ಹಲ್ಲು ಮುರಿದುಕೊಂಡನಂತೆ, ಆದರೂ ನಿಲ್ಲಲಿಲ್ಲವಂತೆ. ಫ್ರಾನ್ಸಿನವ ಸೈಕಲ್ ಮುರಿದರೆ ತಾನೇ ಕೂಡಿಸಿಕೊಳ್ಳುತ್ತಾನಂತೆ. ಒಂದು ದಿನ ರೊಟ್ಟಿ ತಿನ್ನುತ್ತಾ, "ಅಂವಾ ಹಸೀ ತತ್ತಿ ತಿಂತಾನಂತ," ಎಂದ.

"ತಿನ್ನಲಿ," ಎಂದರು ಅತ್ತೆ. "ಅವರವ್ವ ಅದಾಳ, ಕೇಳಕೋತಾಳ. ನೀ ಶೇಂಗಾ ಚಟ್ನಿ ಹಚ್ಚಗೋ."

ಇವನೂ ಅವನ ಹಾಗೆಯೇ ಟ್ಯೂಬುಗಳನ್ನು ಹೆಗಲಿಗೆ ಸುತ್ತಿಕೊಂಡು ಹೊರಡತೊಡಗಿದ. ಆ ರಸ್ತೆಯಲ್ಲಿ ಅದು ಬೇಕೇ ಬೇಕು, ಬಂಡಿಯವರು ಬೇಲಿಗೆಂದು ಒಯ್ಯುವ ಜಾಲಿ ಮುಳ್ಳು ದಾರಿಯುದ್ದಕ್ಕೂ ಬಿದ್ದಿರುತ್ತಿತ್ತು. ಊರಬಾಗಿಲ ಅಗಸಿಯಲ್ಲಿ ಕೂತವರು, "ಈಶ್ವರ ಹೊಂಟಾನ ನೋಡ್ರಿ, ಕೊಳ್ಳಾಗ ಹಾವು ಸುತಗೊಂಡು," ಎಂದು ಆಡಿಕೊಳ್ಳುತ್ತಿದ್ದರು. ಅದೇ ಜನ ಅವನು ಗೆದ್ದು ಬಂದ ದಿನ ನಮ್ಮ ಊರಿನವ ಎಂದು ತಲೆಯ ಮೇಲೆ ಹೊತ್ತರು.

ಕೆಲವು ವರ್ಷ ಗೆದ್ದ. ಅಕ್ಕಲಕೋಟಕ್ಕೆ ಹೋಗಿ ತಿರುಗಿ ಸೊಲ್ಲಾಪುರಕ್ಕೆ ಬರುವ ರೇಸು ಅವನದೇ ಎನ್ನುವಂತಾಯಿತು. ಪಗಾರದ ಜತೆ ಬಹುಮಾನದ ಕಪ್ಪುಗಳೂ ಬರುತ್ತಿದ್ದವು. ಬೆಳ್ಳಿಯದು ಅಂದುಕೊಂಡು ಅತ್ತೆ ಒಂದು ಕಪ್ಪಿನಲ್ಲಿ ಹಾಲಿಗೆ ಹೆಪ್ಪು ಹಾಕಿದರು. ಮರುದಿನ ಮೊಸರು ಹಸಿರಾಗಿತ್ತು. ಆಮೇಲೆ ಆ ಕಪ್ಪುಗಳಲ್ಲಿ ಗುಂಡಿ, ಸೂಜಿ ಇಡುತ್ತಿದ್ದೆವು.

ಬ್ರಿಟಿಷರು ಸೊಲ್ಲಾಪುರದಲ್ಲಿ ಮಾರ್ಶಲ್ ಲಾ ಹಾಕಿದ ವರ್ಷ ರೇಸು ನಿಂತವು. ತಿರುಗಿ ಸುರುವಾದಾಗ ಇವನ ಕಾಲಿನಲ್ಲಿ ಮೊದಲಿನ ಕಸುವು ಇರಲಿಲ್ಲ. ಬಲಗಾಲಿನ ಮೊಣಕಾಲು ಬಾಯುತ್ತಿತ್ತು. ನಾನು ಎಕ್ಕೆಯ ಎಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಕಟ್ಟುತ್ತಿದ್ದೆ. ಮುಂಜಾನೆ ಬಿಚ್ಚಿದರೆ ಬಾವು ಹಾಗೇ. ಮೊದಲು ಎರಡನೆಯವನಾಗಿ ಬಂದ, ಆಮೇಲೆ ಅದಕ್ಕೂ ಹಿಂದೆ. ಅಂಥ ದಿನ ಮನೆಗೆ ಬಂದು ಗೋಡೆಗೆ ಒರಗಿ ಕೂತು, ಕೂತಲ್ಲಿಯೇ ಕಾಲು ಅಲುಗಾಡಿಸುತ್ತಿದ್ದ. ಅದು ಅವನಿಗೆ ಗೊತ್ತೇ ಇರುತ್ತಿರಲಿಲ್ಲ.

ಶೇಟಜಿ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದ ಒಬ್ಬ ತರುಣನನ್ನು ತಂದರು. ಅವನನ್ನು ಬೈಯಲಿಕ್ಕೂ ಬರುವಂತಿರಲಿಲ್ಲ, ಅಷ್ಟು ಮೆತ್ತಗಿನ ಮನುಷ್ಯ. ನನ್ನ ಗಂಡನಿಗೆ ಅಣ್ಣಾ ಎನ್ನುತ್ತಿದ್ದ. ಆದರೆ ಅವನ ಮೊಣಕಾಲು ಬಾಯುತ್ತಿರಲಿಲ್ಲ. ಬೇಸಿಗೆಯಲ್ಲಿ ಅಕ್ಕಲಕೋಟದ ರೇಸು ಇತ್ತು. ಶೇಟಜಿ ಇಬ್ಬರನ್ನೂ ಕೂಡಿಸಿ ಹೇಳಿದರಂತೆ: ಇಬ್ಬರೂ ಹೊಡೆಯಿರಿ, ಮುಂದೆ ಬಂದವನು ನನ್ನವ, ಇನ್ನೊಬ್ಬ ಸೈಕಲ್ ದುಕಾನದಲ್ಲಿ ಬಿಟ್ಟು ಮನೆಗೆ ಹೋಗಲಿ.

ಇದನ್ನು ಕೇಳಿದ ದಿನ ನಾನು ಭಾವನ ಕಡೆ ಹೋದೆ. ಗಂಡನಿಗೆ ತಿಳಿಸದೆ ಹೋದೆ. ಸೆರಗು ಎಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ.

"ಅವರ ಸೈಕಲ್ ಹೋದ್ರ ಹೊಲದಾಗ ತಗೋತೀರೇನ್ರಿ?"

ಭಾವ ಕಂಬಳಿ ಝಾಡಿಸುತ್ತಿದ್ದ. ಝಾಡಿಸುವುದು ನಿಲ್ಲಿಸಲಿಲ್ಲ. "ತಗೋತೀನಿ. ಯಾಕ ತಗೊಳ್ಳೂದಿಲ್ಲ? ಕೂಲಿಗೆ ಮಂದಿ ಬೇಕೇ ಬೇಕು."

"ಕೂಲಿಗೇನ್ರಿ?"

"ಪಾಲು ನಾ ಕಸಗೊಂಡಿಲ್ಲವ್ವ. ಅಂವಾ ಬಿಟ್ಟಾನ, ಊರ ಮುಂದ. ಬೇಕಾದ್ರ ಹಿರಿಯಾರನ್ನ ಕೇಳು."

ಕೇಳುವುದೇನಿತ್ತು. ನಾನೇ ಕೇಳಿಸಿಕೊಂಡಿದ್ದೆ. ಆ ರೇಸು ಹೋದರೆ ನನ್ನ ಗಂಡ ತನ್ನ ಹೊಲದಲ್ಲಿ ಅಣ್ಣನ ಆಳಾಗುತ್ತಾನೆ, ನಾನು ಆಳಿನ ಹೆಂಡತಿ, ನನ್ನ ಮಕ್ಕಳು ಆಳಿನ ಮಕ್ಕಳು. ಭಾವ ಇದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ಅಂಜಿಕೆ ತರಿಸಿತು.

ರೇಸಿನ ಹಿಂದಿನ ದಿನ ಗಂಡ ಸೊಲ್ಲಾಪುರಕ್ಕೆ ಹೋಗಿ ದುಕಾನದಲ್ಲಿಯೇ ಮಲಗಿದ. ಬಿಸಿಲಿಗಾಗಿ ರೇಸನ್ನು ಗಿರಣಿಯ ಮೊದಲ ಭೋಂಗಾ ಕೂಗಿದ ಮೇಲೆ ಸಾಲು ನಿಲ್ಲಿಸಿ ಬಿಡುವುದು ಎಂದು ಠರಾವಾಗಿತ್ತು. ಅದಕ್ಕೂ ಮೊದಲೇ ಎದ್ದು ಕೆರೆಗೆ ಹೋಗಿ ಜಳಕ ಮಾಡಿ ಪೂಜೆ ಮುಗಿಸಿಕೊಳ್ಳುತ್ತೇನೆ ಎಂದು ನನಗೆ ಹೇಳಿಯೇ ಹೋಗಿದ್ದ. ಮೊಣಕಾಲು ಮಲಗಗೊಡಲಿಲ್ಲವಂತೆ. ಬೆಳಗಿನ ಜಾವ ಕಣ್ಣು ಹತ್ತಿತು, ಎಬ್ಬಿಸಿದ್ದು ಭೋಂಗಾ. ಇದನ್ನೆಲ್ಲ ಆಮೇಲೆ ಆ ತರುಣನೇ ಬಂದು ಹೇಳಿದ. ಅವನು ಚಹಾ ಕುಡಿಯುತ್ತಿದ್ದನಂತೆ, ಇವನ ಮುಂದೆಯೂ ಬಸಿ ಹಿಡಿದನಂತೆ. ಇವನು ಒಲ್ಲೆ ಎಂದು ತಲೆ ಅಲ್ಲಾಡಿಸಿ, ಟ್ಯೂಬು ಹೆಗಲಿಗೆ ಹಾಕಿಕೊಂಡು ಹೋಗಿ ಸಾಲಿನಲ್ಲಿ ನಿಂತನಂತೆ. ಬಾಯಿ ಕೂಡ ಮುಕ್ಕಳಿಸಿರಲಿಲ್ಲ.

ಬೇರೆ ಯಾವ ದೇಶದವನಾದರೂ ನೀರು ಕುಡಿದು ಹತ್ತುತ್ತಿದ್ದ. ಆಮೇಲೆ ದೇವರ ಹತ್ತಿರ ತಪ್ಪು ಒಪ್ಪಿಕೊಳ್ಳುತ್ತಿದ್ದ. ನಮ್ಮವರಿಗೆ ಅದು ಹೊಳೆಯುವುದಿಲ್ಲ. ಮುಗಿಸಿ ಬಂದು ಪೂಜೆ ಮಾಡಿದರಾಯಿತು, ಅಲ್ಲಿಯತನಕ ತಡೆದರಾಯಿತು ಎಂದುಕೊಂಡ. ಮಠಕ್ಕೆ ಹೋಗುವ ದಿನ ಮಧ್ಯಾಹ್ನದವರೆಗೆ ನಾವೆಲ್ಲ ತಡೆಯುವುದಿಲ್ಲವೇ, ಹಾಗೆ. ಆದರೆ ಮಠಕ್ಕೆ ಯಾರೂ ಬೇಸಿಗೆಯಲ್ಲಿ ಸೈಕಲ್ ತುಳಿಯುತ್ತ ಹೋಗುವುದಿಲ್ಲ.

ಹೊತ್ತು ಮೂಡುವಾಗ ಎಲ್ಲರೂ ಒಟ್ಟಿಗೆ ವಳಸಂಗ ಹಾಯ್ದು ಅಕ್ಕಲಕೋಟದ ಕಡೆ ಹೋದರು. ಧೂಳಿನಲ್ಲಿ ಅವನ ಬೆನ್ನು ಕಂಡಿತು. ನಮ್ಮ ಕಡೆ ನೋಡಲಿಲ್ಲ, ನೋಡುವ ರೂಢಿಯೂ ಇರಲಿಲ್ಲ.

ತಿರುಗಿ ಬರುವ ಹೊತ್ತಿಗೆ ಬಿಸಿಲು ಕಟ್ಟೆಯನ್ನು ಸುಡುತ್ತಿತ್ತು. ಬಾವಿಯಿಂದ ತಂದ ಕೊಡ ನನ್ನ ಪಕ್ಕದಲ್ಲೇ ಇತ್ತು. ಅತ್ತೆ ಬೇವಿನ ನೆರಳಿಗೆ ಕೂತಿದ್ದರು. ಅಗಸಿಯ ಮಂದಿ, "ಬಂದ, ಬಂದ, ಒಬ್ಬಾಂವನ ಬಂದ," ಎಂದರು. ಅವನೇ. ಎಲ್ಲರಿಗಿಂತ ಮುಂದೆ. ನನ್ನ ಎದೆ ಹಗುರಾಯಿತು, ಒಂದು ಚಣ. ಹತ್ತಿರ ಬಂದಾಗ ನೋಡಿದೆ, ಸೈಕಲ್ ರಸ್ತೆಯ ಈ ದಂಡೆಯಿಂದ ಆ ದಂಡೆಗೆ ಹೋಗುತ್ತಿತ್ತು. ಕುಡಿದವರ ಬಂಡಿಯ ಹಾಗೆ.

ನಮ್ಮ ಬೇವಿನ ಗಿಡಕ್ಕೆ ಬಂದು ಕೈ ಹಚ್ಚಿ ನಿಂತ. ಒಂದು ಕಾಲು ಇನ್ನೂ ಪೆಡಲಿನ ಪಟ್ಟಿಯೊಳಗೇ ಇತ್ತು. ಮೈಮೇಲೆ ಬೆವರಿರಲಿಲ್ಲ. ಕುತ್ತಿಗೆಯ ಮೇಲೆ ಉಪ್ಪು ಬೆಳ್ಳಗೆ ಕೂತಿತ್ತು. ತುಟಿ ಒಡೆದು ಒಂದಕ್ಕೊಂದು ಅಂಟಿದ್ದವು.

"ಯಾಕ್ರಿ, ಬೆವರು ಯಾಕಿಲ್ಲ? ನೀರು ಕುಡದಿಲ್ಲೇನು?"

"ಪೂಜಿ ಆಗಿಲ್ಲ," ಎಂದ. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ತಳ್ಳು ನನ್ನ. ಹಿಂದಿಂದ ತಳ್ಳು."

ಅಗಸಿಯವನೊಬ್ಬ, "ತಳ್ಳವ್ವ, ಗೆದ್ದಾನ ಇಂವಾ," ಎಂದ. ಗೆಲ್ಲಲಿಕ್ಕೆ ತಿರುಗುವ ದಾರಿ ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ಎಲ್ಲ ಬಯಲು, ಗಿಡ ಎಂಬುದಿಲ್ಲ. ಸುಗ್ಗಿಯ ಕಣದಲ್ಲಿ ಬೆವರು ಆರಿ ಬಿದ್ದ ಆಳನ್ನು ನಾನು ನೋಡಿದ್ದೆ. ಆ ಆಳು ಏಳಲಿಲ್ಲ.

ನಾನು ಕೊಡ ಎತ್ತಿ ಅವನ ತಲೆಯ ಮೇಲೆ ಸುರುವಿದೆ. ನೀರು ಎದೆಗೆ ಇಳಿಯಿತು, ಕರಡಿಗೆ ಕಟ್ಟಿದ ಅರಿವೆ ತೊಯ್ದು ಹೋಯಿತು.

"ಜಳಕ ಆತು, ಲಿಂಗಕ್ಕೂ ನೀರು ಬಿತ್ತು, ಪೂಜಿ ಆತು. ಕುಡೀರಿ."

ತಂಬಿಗೆ ಮುಂದೆ ಹಿಡಿದೆ. ಅವನು ನನ್ನನ್ನು ನೋಡಲಿಲ್ಲ. ತಾಯಿಯ ಕಡೆ ನೋಡಿದ. ನನಗೆ ಬಂದ ಸಿಟ್ಟು ಹೇಳಲಾರೆ. ಇಷ್ಟು ವರ್ಷ ಅವನ ಮೊಣಕಾಲಿಗೆ ಎಲೆ ಕಟ್ಟಿದವಳು ನಾನು, ಸಾಯುವ ಹೊತ್ತಿಗೆ ಅಪ್ಪಣೆ ಬೇಕಾದದ್ದು ಆಕೆಯದು.

"ಹೇಳ್ರಿ ಅತ್ತಿ," ಎಂದೆ. "ನಿಮ್ಮ ಮಾತು ಹಿಡಕೊಂಡು ಸಾಯಾಕತ್ತಾರ. ಬಿಡಸ್ರಿ."

ಅತ್ತೆ ಎದ್ದು ಬಂದರು. ತಮ್ಮ ಹಣೆಯ ವಿಭೂತಿಯನ್ನು ಬೆರಳಿನಿಂದ ತೆಗೆದು ಮಗನ ಹಣೆಗೆ ಎಳೆದರು.

"ಕುಡಿಯೋ ಯಪ್ಪಾ. ಮಾತು ತಗೊಂಡಾಕಿ ನಾ, ಬಿಟ್ಟಾಕೀನೂ ನಾನ. ಕುಡಿ."

ಅಲ್ಲಿಗೆ ಮುಗಿಯಬೇಕಿತ್ತು. ಗಟಗಟ ಕುಡಿದು ಹತ್ತಿದ್ದರೆ ಹೊತ್ತು ಇತ್ತು, ಅಕ್ಕಲಕೋಟದ ಕಡೆ ಇನ್ನೂ ಧೂಳು ಎದ್ದಿರಲಿಲ್ಲ. ಅವನು ಪೆಡಲಿನಿಂದ ಕಾಲು ಬಿಡಿಸಿಕೊಂಡ. ಸೈಕಲ್ ಅನ್ನು ಗಿಡಕ್ಕೆ ಆನಿಸಿದ. ಕಟ್ಟೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು ಎದೆಯ ಅರಿವೆ ಬಿಚ್ಚತೊಡಗಿದ. ತೊಯ್ದ ಗಂಟು, ಬೆರಳು ಮಾತು ಕೇಳುತ್ತಿರಲಿಲ್ಲ. ನಾನು ಹಲ್ಲಿನಿಂದ ಗಂಟು ಬಿಚ್ಚಿದೆ. ಕರಡಿಗೆ ತೆಗೆದು ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡ. ತಾಯಿ ಹಚ್ಚಿದ ವಿಭೂತಿಯನ್ನೇ ಹಣೆಯಿಂದ ತೆಗೆದು ಅದಕ್ಕೆ ಧರಿಸಿದ. ತಂಬಿಗೆಯಿಂದ ಹನಿಹನಿಯಾಗಿ ನೀರು ಎರೆದ. ಕಣ್ಣು ಮುಚ್ಚಿದ.

"ಬರಾಕತ್ತಾನ," ಎಂದರು ಅಗಸಿಯಿಂದ.

"ರೀ," ಎಂದೆ. ಅವನು ಕಣ್ಣು ತೆರೆಯಲಿಲ್ಲ. ಎಲ್ಲದರಲ್ಲಿಯೂ ಗಡಿಬಿಡಿ ಮಾಡುವ ಮನುಷ್ಯ. ಉಣ್ಣುವಾಗ ಗಡಿಬಿಡಿ, ಮಾತಿನಲ್ಲಿ ಗಡಿಬಿಡಿ, ಹೊಲ ಬಿಟ್ಟುಕೊಡುವುದರಲ್ಲೂ ಗಡಿಬಿಡಿ ಮಾಡಿದವನು ಅವತ್ತು ಹಬ್ಬದ ದಿನ ಕೂತವರ ಹಾಗೆ ಕೂತಿದ್ದ. ಅವನ ಎರಡು ಹೆಗಲು ಹಿಡಿದು ಅಲ್ಲಾಡಿಸಬೇಕು ಎನಿಸಿತು. ಪೂಜೆಯಲ್ಲಿ ಇದ್ದವರನ್ನು ಮುಟ್ಟುವ ಹಾಗಿಲ್ಲ. ಮುಟ್ಟಲಿಲ್ಲ.

ಆ ತರುಣ ಬಂದ. ನಮ್ಮ ಮುಂದೆ ಬಂದಾಗ ವೇಗ ಇಳಿಸಿದ, ಅದು ನಿಜ. "ಅಣ್ಣಾ," ಎಂದ. ಆಮೇಲೆ ನನ್ನ ಮುಖ ನೋಡಿದ. ನಾನು ಏನು ಹೇಳಲಿ? ಹೋಗು ಎನ್ನಲೋ, ನಿಲ್ಲು ಎನ್ನಲೋ? ಅವನು ತಲೆ ತಗ್ಗಿಸಿ ಹೋದ. ಗಾಲಿಯ ಸಪ್ಪಳ ಸೊಲ್ಲಾಪುರದ ಕಡೆ ಹೋದದ್ದು ಗಂಡನಿಗೆ ಕೇಳಿಸಿರಲೇಬೇಕು. ಅವನ ಕೈಮೇಲಿನ ನೀರು ಅಲುಗಲಿಲ್ಲ.

ಆಮೇಲೆ ಕಣ್ಣು ತೆರೆದು ಕುಡಿದ. ಬಹಳ ಕುಡಿದ. ಎದ್ದು ನಿಲ್ಲಲು ಹೋದರೆ ಕಾಲು ಕಟ್ಟಿಗೆಯಾಗಿದ್ದವು. ನಾನು ಒಂದು ಕಡೆ, ಅತ್ತೆ ಒಂದು ಕಡೆ ಹಿಡಿದು ಸೈಕಲ್ ಹತ್ತಿಸಿದೆವು. ಅಷ್ಟರಲ್ಲಿ ಇನ್ನೂ ಕೆಲವರು ಹಾಯ್ದು ಹೋಗಿದ್ದರು. ಈಗ ಅವನು ತಳ್ಳು ಎನ್ನಲಿಲ್ಲ. ನಾನೇ ತಳ್ಳಿದೆ, ಊರ ಮಂದಿಯ ಮುಂದೆ, ಸೆರಗು ಬಿದ್ದದ್ದೂ ಗೊತ್ತಾಗಲಿಲ್ಲ.

ಸಂಜೆ ಜೋಳದ ಕಣಿಕೆ ಹೇರಿದ ಬಂಡಿಯ ಮೇಲೆ ಬಂದ. ಸೈಕಲ್ ಇರಲಿಲ್ಲ. ರೇಸಿನ ಬೂಟು ಕೈಯಲ್ಲಿ ಹಿಡಿದುಕೊಂಡಿದ್ದ, ಅವೂ ಶೇಟಜಿಯವೇ, ಇಟ್ಟುಕೋ ಎಂದರಂತೆ.

"ಎಲ್ಲಿ ತನಕ ಹೋದ್ರಿ?"

"ದುಕಾನದ ತನಕ. ಮುಟ್ಟಿಸಿ ಬಂದೆ."

"ಶೇಟಜಿ ಏನ್ ಅಂದ್ರು?"

"ಏನ್ ಅಂತಾರ? ಉಂಡು ಹೋಗು ಅಂದ್ರು."

"ಉಂಡ್ರಿ?"

"ಇಲ್ಲ."

ನಾನು ರೊಟ್ಟಿ ಹಾಕಿದೆ. ತಿಂದ. ತಳ್ಳು ಎಂದಾಗ ನೀನು ಯಾಕೆ ತಳ್ಳಲಿಲ್ಲ ಎಂದು ಅವತ್ತೂ ಕೇಳಲಿಲ್ಲ, ಸಾಯುವತನಕವೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಇತ್ತು. ನೀವು ಯಾಕೆ ಗಟಗಟ ಕುಡಿದು ಹತ್ತಲಿಲ್ಲ ಎಂದು ನಾನೂ ಕೇಳಲಿಲ್ಲ. ಅವನ ಹತ್ತಿರ ಅದಕ್ಕೆ ಉತ್ತರ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತೆ ಆ ದಿನದಿಂದ ನಮ್ಮ ಒಲೆ ಬಿಟ್ಟು ದೊಡ್ಡ ಮಗನ ಕಡೆ ಉಣ್ಣತೊಡಗಿದರು. ನಮ್ಮ ಹಿಟ್ಟು ನಮಗೇ ಸಾಲದು ಎಂದು ಬಿಟ್ಟರೋ, ಮಗನ ಮುಖ ನೋಡಲಾರದೆ ಬಿಟ್ಟರೋ, ಹೇಳಲಿಲ್ಲ.

ಮರುದಿನ ಮುಂಜಾನೆ ಅಂಗಳದಿಂದ ಭಾವನ ದನಿ ಬಂತು.

"ಎದ್ದಾನೇನು? ಎತ್ತು ಬಿಡಾಕ ಹೇಳು."

ತಮ್ಮಾ ಎನ್ನಲಿಲ್ಲ. ನನ್ನ ಗಂಡ ಜಳಕ ಮಾಡಿ ಪೂಜೆ ಮುಗಿಸಿ, ಬುತ್ತಿ ಕಟ್ಟಿಸಿಕೊಂಡು ಹೋದ. ಬಲಗಾಲು ಎಳೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ನಾನೂ ಬುಟ್ಟಿ ತೆಗೆದುಕೊಂಡು ಹೊರಟೆ. ಜೋಳದ ಕೂಳೆ ಆರಿಸುವ ಕೆಲಸ ನಡೆದಿತ್ತು. ಊರ ಹೆಣ್ಣಾಳುಗಳು ಸಾಲು ಹಿಡಿದು ಕೂತಿದ್ದರು. ಒಬ್ಬಾಕೆ ಸರಿದು ಜಾಗ ಬಿಟ್ಟಳು. ನಾನು ಕೂತು ಆರಿಸತೊಡಗಿದೆ.